ತೂತು ಕಾರಣವಾಗಬಲ್ಲುದೆ? ಚಕಮಕಿ ಕೋವಿಯ ಕಿವಿ ಮತ್ತು ಅಭಾವದ ಪ್ರಶ್ನೆ

ಚಕಮಕಿ ಕೋವಿಯ ನಳಿಗೆಯ ಬುಡದಲ್ಲಿ, ಪಕ್ಕಕ್ಕೆ, ಸಣ್ಣದೊಂದು ತೂತು ಇರುತ್ತದೆ. ಹೊರಗಿನ ಬಟ್ಟಲಲ್ಲಿ ಹೊತ್ತಿದ ಬೆಂಕಿ ನಳಿಗೆಯೊಳಗೆ ತುಂಬಿದ ಮದ್ದನ್ನು ಮುಟ್ಟಬೇಕಾದರೆ ಈ ತೂತನ್ನು ಹಾದೇ ಹೋಗಬೇಕು. ಕೋವಿಯ ಕಿವಿ ಎನಿಸಿಕೊಳ್ಳುವ ಇದರ ಅಡ್ಡಳತೆ ಸಾಮಾನ್ಯವಾಗಿ 1.6ರಿಂದ 2 ಮಿಲಿಮೀಟರ್. ಕೋವಿಯ ಉಳಿದ ಅಂಗಗಳನ್ನೆಲ್ಲ ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಡಬಹುದು. ಕಿವಿಯನ್ನು ಹಾಗೆ ಎತ್ತಿಡಲು ಬರುವುದಿಲ್ಲ. ಅದು ಲೋಹ ಇಲ್ಲದ ಜಾಗ, ಅಷ್ಟೆ. ಆದರೂ ಕೋವಿ ಮಾಡುವ ಕಮ್ಮಾರ ಅದನ್ನು ಅಳೆಯುತ್ತಾನೆ, ಎಲ್ಲಿರಬೇಕೆಂದು ಗುರುತು ಹಾಕುತ್ತಾನೆ, ಸಾಲದಿದ್ದರೆ ಹಿಗ್ಗಿಸುತ್ತಾನೆ, ಸವೆದರೆ ದುರಸ್ತಿ ಮಾಡುತ್ತಾನೆ. ಗುಂಡು ಹಾರಿದ್ದಕ್ಕೆ ಕಾರಣಗಳನ್ನು ಎಣಿಸುವಾಗ ಈ ತೂತನ್ನೂ ಎಣಿಸಬೇಕೆ? ಎಣಿಸಿದರೆ, ಇಲ್ಲದಿರುವಿಕೆಯೂ ಕಾರಣವಾಗುತ್ತದೆ ಎಂದು ಒಪ್ಪಿದಂತಾಯಿತು. ಬಿಟ್ಟರೆ, ಒಂದು ಕೋವಿ ಹಾರಿ ಅದರಂಥದೇ ಇನ್ನೊಂದು ಏಕೆ ಹಾರಲಿಲ್ಲ ಎಂಬುದಕ್ಕೆ ಉತ್ತರ ಅರ್ಧಕ್ಕೇ ನಿಲ್ಲುತ್ತದೆ. ಭಾರತೀಯ ತರ್ಕಶಾಸ್ತ್ರದಲ್ಲಿ ಅಭಾವದ ಹೆಸರಿನಲ್ಲಿ ಶತಮಾನಗಟ್ಟಲೆ ನಡೆದ ವಾದ ಇದೇ ಪ್ರಶ್ನೆಯದು.

ಈ ಕೋವಿಯನ್ನು ಹಾರಿಸುವ ಚಕಮಕಿ ಕೀಲು 17ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡಿತು. ನಾರ್ಮಂಡಿಯ ಲಿಸಿಯೂ ಊರಿನ ಮರಿನ್ ಲ ಬುರ್ಜ್ವಾನ ಹೆಸರನ್ನು ಅದಕ್ಕೆ ಜೋಡಿಸುವುದು ರೂಢಿ. ಮುಂದೆ ಸುಮಾರು ಇನ್ನೂರು ವರ್ಷ ಅದೇ ನಡೆಯಿತು. ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ಟಿಪ್ಪುವಿಗಾಗಿ ಹುಲಿಪಟ್ಟೆಯ ಕೆತ್ತನೆಯೊಡನೆ ಮಾಡಿದ, ಅವನ ಮೌಲೂದಿ ಪಂಚಾಂಗದ ವರ್ಷದ ಅಂಕಿ ಹೊತ್ತ ಕೋವಿಗಳೂ ಇದೇ ಜಾತಿಯವು. ಟ್ರಿಗರ್ ಎಳೆದಾಗ ಒಳಗಿನ ಕೊಕ್ಕೆ ತನ್ನ ಕಚ್ಚಿನಿಂದ ಜಾರುತ್ತದೆ. ಅದುವರೆಗೆ ತಡೆಹಿಡಿದಿದ್ದ ಸ್ಪ್ರಿಂಗು ಕುದುರೆ ಎಂಬ ಸುತ್ತಿಗೆಯಂಥ ತೋಳನ್ನು ಮುಂದಕ್ಕೆ ಬೀಸುತ್ತದೆ. ಕುದುರೆಯ ದವಡೆಯಲ್ಲಿ ಕಚ್ಚಿಸಿದ ಕಲ್ಲು ಎದುರಿನ ಉಕ್ಕಿನ ಹಲಗೆಯನ್ನು ಕೆರೆಯುತ್ತ ಅದನ್ನು ಆಚೆಗೆ ಮಗುಚುತ್ತದೆ. ಆ ಹಲಗೆಯ ಬುಡವೇ ಬಟ್ಟಲಿನ ಮುಚ್ಚಳವಾದ್ದರಿಂದ ಬಟ್ಟಲು ಅದೇ ಹೊತ್ತಿಗೆ ತೆರೆದುಕೊಳ್ಳುತ್ತದೆ. ಕಲ್ಲು ಕೆರೆದು ಕಿತ್ತ ಉಕ್ಕಿನ ಚೂರುಗಳು ಗಾಳಿಯಲ್ಲಿ ಉರಿಯುತ್ತ ಬಟ್ಟಲಿನ ನುಣ್ಣನೆಯ ಮದ್ದಿನ ಮೇಲೆ ಬೀಳುತ್ತವೆ, ಮದ್ದು ಭಗ್ಗೆನ್ನುತ್ತದೆ, ಅದರ ಬಿಸಿ ಕಿವಿಯ ಮೂಲಕ ಒಳಗಿನ ಮದ್ದನ್ನು ಮುಟ್ಟುತ್ತದೆ. ಇಷ್ಟೂ ಸೆಕೆಂಡಿನ ಸಣ್ಣ ಪಾಲಿನಲ್ಲಿ ಮುಗಿಯುತ್ತದೆ. ಈ ಸರಣಿಯಲ್ಲಿ ಮೂರು ಕಡೆ ಏನೋ ಇಲ್ಲದಿರುವುದರಿಂದಲೇ ಕೆಲಸ ಮುಂದುವರಿಯುತ್ತದೆ ಎಂಬುದನ್ನು ಗಮನಿಸಬೇಕು: ಕೊಕ್ಕೆಯ ತಡೆ ಇಲ್ಲವಾಗುತ್ತದೆ, ಮುಚ್ಚಳ ಇಲ್ಲವಾಗುತ್ತದೆ, ಕಿವಿಯಲ್ಲಿ ಲೋಹ ಮೊದಲೇ ಇಲ್ಲ.

ಕಿವಿ ಎಲ್ಲಿರಬೇಕು ಎಂಬುದನ್ನು ಒಳಗಡೆ ಬಿರಡೆ, ಹೊರಗಡೆ ಬಟ್ಟಲು, ಎರಡೂ ಸೇರಿ ತೀರ್ಮಾನಿಸುತ್ತವೆ. ನಳಿಗೆಯ ಹಿಂತುದಿಯನ್ನು ತಿರುಪಿನ ಮರೆ ಹಾಕಿದ ದಪ್ಪ ಬಿರಡೆಯೊಂದು ಮುಚ್ಚಿರುತ್ತದೆ. ಕಿವಿ ಆ ಬಿರಡೆಯ ಮುಖಕ್ಕಿಂತ ಸ್ವಲ್ಪ ಮುಂದೆ, ಮದ್ದು ಕೂರುವ ಜಾಗಕ್ಕೆ ತೆರೆಯಬೇಕು. ಹಿಂದೆ ಸರಿದರೆ ಬಿರಡೆಯ ಲೋಹವೇ ಅದಕ್ಕೆ ಅಡ್ಡವಾಗುತ್ತದೆ. ಆಗ ಬಿರಡೆಯ ಮುಖದಲ್ಲಿ ತೋಡು ತೆಗೆದು ದಾರಿ ಮಾಡುವುದುಂಟು, ಆದರೆ ಆ ತೋಡಿನಲ್ಲಿ ಮಸಿ ಸೇರಿಕೊಂಡು ಮತ್ತೆ ಮತ್ತೆ ಕಟ್ಟುತ್ತದೆ. ಅದಕ್ಕಾಗಿ ಬಲ್ಲ ಕಮ್ಮಾರ ನಳಿಗೆಯ ಬಾಯಿಂದ ಕೋಲು ಇಳಿಸಿ ಬಿರಡೆ ಮುಟ್ಟುವವರೆಗಿನ ಉದ್ದ ಅಳೆದು, ಅದೇ ಅಳತೆಯನ್ನು ನಳಿಗೆಯ ಹೊರಮೈ ಮೇಲೆ ಗೆರೆಯಾಗಿ ಹಾಕಿಕೊಳ್ಳುತ್ತಾನೆ. ಆ ಗೆರೆಯಿಂದ ಕೊಂಚ ಮುಂದೆ ಬಟ್ಟಲಿನ ನಡುಭಾಗ ಬರುವಂತೆ ಕೀಲನ್ನು ಮರದಲ್ಲಿ ಕೂರಿಸುತ್ತಾನೆ. ಕಿವಿ ಕೊರೆಯುವುದು ಇದೆಲ್ಲ ಮುಗಿದ ಮೇಲೆ. ಮೊದಲು ಕೊರೆದು ಆಮೇಲೆ ಕೀಲನ್ನು ಹೊಂದಿಸಲು ಹೋದವನಿಗೆ ಬಟ್ಟಲು ಒಂದು ಕಡೆ, ತೂತು ಒಂದು ಕಡೆ.

ಎತ್ತರದ ವಿಷಯದಲ್ಲಿ ಸಾಂಪ್ರದಾಯಿಕ ಸಲಹೆ ಎಂದರೆ ಕಿವಿಯ ನಡು ಬಟ್ಟಲಿನ ಮೇಲಂಚಿನ ಮಟ್ಟದಲ್ಲಿರಬೇಕು ಎಂಬುದು. ಕೆಳಗಿದ್ದರೆ ಬಟ್ಟಲಿನ ಮದ್ದು ತೂತಿನೊಳಗೆ ತುಂಬಿ, ಬೆಂಕಿ ಹಾರಿ ದಾಟುವ ಬದಲು ಬತ್ತಿಯಂತೆ ಕಾಳು ಕಾಳಾಗಿ ಉರಿಯುತ್ತ ಹೋಗಬೇಕಾಗುತ್ತದೆ, ತಡವಾಗುತ್ತದೆ ಎಂದು ಅದಕ್ಕೆ ಕಾರಣ ಹೇಳುತ್ತಾರೆ. ಈಚೆಗೆ ವೇಗದ ಕ್ಯಾಮೆರಾ ಇಟ್ಟು ನಡೆಸಿದ ಪರೀಕ್ಷೆಗಳಲ್ಲಿ ಎತ್ತರದ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲವೆಂದೂ ಬಟ್ಟಲಿನ ಮದ್ದು ನಳಿಗೆಯ ಗೋಡೆಗೆ ಎಷ್ಟು ಹತ್ತಿರ ಕೂತಿದೆ ಎಂಬುದೇ ಹೆಚ್ಚು ಮುಖ್ಯವೆಂದೂ ಕಂಡಿದೆ. ಅಳತೆಯಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿಲ್ಲ: ಚಿಕ್ಕದಾಗಿ ಕೊರೆದು, ಹಾರಿಸಿ ನೋಡಿ, ಬೇಕಾದರೆ ಎಳೆ ಎಳೆಯಾಗಿ ಹಿಗ್ಗಿಸಬೇಕು. ತೀರ ಕಿರಿದಾದರೆ ಬೆಂಕಿ ದಾಟುವುದಿಲ್ಲ. ತೀರ ಅಗಲವಾದರೆ ಮದ್ದಿನ ಅನಿಲ ಪಕ್ಕಕ್ಕೆ ಚಿಮ್ಮಿ ಗುಂಡಿನ ವೇಗ ಕುಗ್ಗುತ್ತದೆ. ಬಲಗಡೆ ನಿಂತವನ ಮುಖಕ್ಕೂ ಅಪಾಯ. ದಪ್ಪ ಗೋಡೆಯ ನಳಿಗೆಯಾದರೆ ಕಿವಿ ಉದ್ದನೆಯ ಸುರಂಗವಾಗಿಬಿಡುತ್ತದೆ. ಅದನ್ನು ತಪ್ಪಿಸಲು ಒಳಬದಿಯನ್ನು ಆಲಿಕೆಯ ಆಕಾರದಲ್ಲಿ ಅಗಲಿಸಿ, ಒಳಗಿನ ಮದ್ದು ಬಟ್ಟಲಿನ ಹತ್ತಿರಕ್ಕೇ ಬಂದು ಕೂರುವಂತೆ ಮಾಡುತ್ತಾರೆ. ಸವೆದು ಅಗಲವಾದ ಕಿವಿಯನ್ನು ಕಿರಿದು ಮಾಡುವ ಉಪಾಯ ಒಂದೇ: ಇನ್ನೂ ದೊಡ್ಡದಾಗಿ ಕೊರೆದು, ಮರೆ ಹಾಕಿ, ಹೊಸ ಲೋಹದ ಗೂಟ ತಿರುಗಿಸಿ, ಅದರಲ್ಲಿ ಹೊಸ ತೂತು ತೆಗೆಯುವುದು. 18ನೇ ಶತಮಾನದ ಕೊನೆಗೆ ಇಂಗ್ಲೆಂಡಿನ ಒಳ್ಳೆಯ ಕೋವಿಗಳಲ್ಲಿ ಈ ಗೂಟವನ್ನು ಚಿನ್ನದಲ್ಲಿ, ಆಮೇಲೆ ಪ್ಲಾಟಿನಮ್ಮಿನಲ್ಲಿ ಮಾಡುತ್ತಿದ್ದರು. ಮದ್ದಿನ ಬಿಸಿಗೂ ಮಸಿಯ ತುಕ್ಕಿಗೂ ಅವು ಬೇಗ ಸವೆಯುವುದಿಲ್ಲ. ತೂತಿನ ಸುತ್ತ ಚಿನ್ನ ಹಾಕುವುದು ಶೋಕಿಯೆಂದು ಕಾಣಬಹುದು. ಅಲ್ಲಿ ಅದು ಲೆಕ್ಕಾಚಾರ.

ಈ ತೂತು ಯಾವ ಬಗೆಯ ವಸ್ತು ಎಂದು ಕೇಳಿದರೆ ಕೈಗೆಟುಕುವ ಮೊದಲ ಉತ್ತರ ಆಕಾಶ. ವೈಶೇಷಿಕರ ಒಂಬತ್ತು ದ್ರವ್ಯಗಳಲ್ಲಿ ಆಕಾಶವೂ ಒಂದು. ನಮ್ಮ ಶ್ರವಣೇಂದ್ರಿಯವೇ ಕಿವಿಯ ರಂಧ್ರದಿಂದ ಆವರಿಸಲ್ಪಟ್ಟ ಆಕಾಶ ಎಂಬುದು ಅವರ ಸಿದ್ಧಾಂತ. ಗಡಿಗೆಯೊಳಗಿನದು ಘಟಾಕಾಶವಾದಂತೆ ಇದು ನಳಿಗೆಯ ಗೋಡೆಯೊಳಗಿನ ಆಕಾಶ ಎನ್ನಬಹುದು. ಹಾಗಾದರೆ ತೂತು ಭಾವರೂಪದ ದ್ರವ್ಯವೇ ಆಯಿತು, ಅಭಾವದ ತಂಟೆಯೇ ಇಲ್ಲ. ಆದರೆ ಈ ಉತ್ತರ ಅದೇ ದರ್ಶನದ ಇನ್ನೊಂದು ಮಾತಿಗೆ ಸಿಕ್ಕಿ ಬೀಳುತ್ತದೆ. ಅವರ ಆಕಾಶ ಒಂದೇ, ಅದು ವಿಭು, ಎಲ್ಲೆಡೆ ವ್ಯಾಪಿಸಿರುವಂಥದು. ಕೊರೆಯುವ ಮೊದಲು ಗಟ್ಟಿ ಉಕ್ಕಿದ್ದಾಗಲೂ ಆ ಜಾಗದಲ್ಲಿ ಆಕಾಶ ಇದ್ದೇ ಇತ್ತು. ಬೈರಿಗೆ ಅದನ್ನು ತಂದು ಹಾಕಲಿಲ್ಲ. ಕೊರೆದದ್ದರಿಂದ ಬದಲಾದದ್ದು ಒಂದೇ: ಅಲ್ಲಿದ್ದ ಲೋಹ ಈಗ ಇಲ್ಲ. ಬೆಂಕಿ ದಾಟಲಾರದ ಸ್ಥಿತಿಗೂ ದಾಟಬಲ್ಲ ಸ್ಥಿತಿಗೂ ಇರುವ ಅಂತರ ಇಷ್ಟೇ ಆದರೆ, ಆ ‘ಇಲ್ಲ’ವನ್ನು ಬಿಟ್ಟು ಹೋಗಲು ದಾರಿಯಿಲ್ಲ.

ಪ್ರಶಸ್ತಪಾದನ ಕಾಲದವರೆಗೂ ವೈಶೇಷಿಕರು ಪದಾರ್ಥಗಳನ್ನು ಆರೆಂದೇ ಎಣಿಸುತ್ತಿದ್ದರು. ಅಭಾವವನ್ನು ಏಳನೆಯದಾಗಿ ಸೇರಿಸಿದ್ದು ಆಮೇಲಿನವರು. ಶಿವಾದಿತ್ಯನ ಗ್ರಂಥಕ್ಕೆ ‘ಸಪ್ತಪದಾರ್ಥೀ’ ಎಂದೇ ಹೆಸರು. ಅಭಾವ ಎಂದರೆ ಬರೀ ಶೂನ್ಯ ಎಂದು ಅವರು ತಿಳಿಯಲಿಲ್ಲ ಎಂಬುದೇ ಇಲ್ಲಿ ಮುಖ್ಯ. ಪ್ರತಿಯೊಂದು ಅಭಾವಕ್ಕೂ ಎರಡು ವಿಳಾಸಗಳಿರಬೇಕು: ಯಾವುದರ ಅಭಾವ, ಎಲ್ಲಿ ಅಭಾವ. ಮೊದಲನೆಯದು ಪ್ರತಿಯೋಗಿ, ಎರಡನೆಯದು ಅಧಿಕರಣ. ಈ ಕಟ್ಟುಪಾಡಿನಿಂದ ಕೋವಿಯ ಒಂದೇ ತೂತಿನಲ್ಲಿ ಹಲವು ಅಭಾವಗಳು ಬೇರೆ ಬೇರೆಯಾಗಿ ಎದ್ದು ಕಾಣುತ್ತವೆ. ಉಕ್ಕಿನ ಅಭಾವ ಬೇರೆ, ಮಸಿಯ ಅಭಾವ ಬೇರೆ, ತೇವದ ಅಭಾವ ಬೇರೆ. ಅವು ಹುಟ್ಟುವ ಬಗೆಯೂ ಬೇರೆ. ಕೊರೆದು ತೆಗೆದ ಉಕ್ಕಿನದು ಪ್ರಧ್ವಂಸಾಭಾವ, ಅಂದರೆ ನಾಶದಿಂದ ಆದದ್ದು. ಅದಕ್ಕೆ ಆದಿಯುಂಟು, ಅಂತ್ಯವಿಲ್ಲ ಎನ್ನುತ್ತದೆ ನ್ಯಾಯಶಾಸ್ತ್ರ. ಮೊದಲ ಓದಿಗೆ ಇದು ಒಣ ವ್ಯಾಕರಣದಂತೆ ತೋರುತ್ತದೆ. ಸವೆದ ಕಿವಿಗೆ ಗೂಟ ಹಾಕುವ ಕೆಲಸವನ್ನು ನೆನೆದರೆ ಅದರ ಹುರುಳು ತಿಳಿಯುತ್ತದೆ: ಹೋದ ಲೋಹ ಮರಳಿ ಬರಲಿಲ್ಲ, ಅದರ ನಾಶ ನಾಶವಾಗಿಯೇ ಉಳಿಯಿತು, ಅದರ ಜಾಗಕ್ಕೆ ಬೇರೆ ಲೋಹ ಬಂದಿತು. ಹಿಗ್ಗಿಸಬಹುದು, ಕುಗ್ಗಿಸಲಾಗದು ಎಂಬ ಕಮ್ಮಾರಶಾಲೆಯ ನಿಯಮಕ್ಕೆ ಇಷ್ಟು ನಿಖರವಾದ ಶಾಸ್ತ್ರೀಯ ನಿರೂಪಣೆ ಬೇರೆಲ್ಲೂ ಸಿಗಲಿಕ್ಕಿಲ್ಲ. ಮಸಿಯ ಅಭಾವದ ರೀತಿ ಬೇರೆ. ಅದು ಹಾರಿಸಿದಾಗ ಹೋಗುತ್ತದೆ, ತಂತಿ ಆಡಿಸಿದಾಗ ಬರುತ್ತದೆ. ಬಂದು ಹೋಗುವ ಇಂಥ ಅಭಾವವನ್ನು ಸಾಮಯಿಕಾಭಾವ ಎಂದು ಪ್ರತ್ಯೇಕವಾಗಿ ಎಣಿಸಬೇಕೆ, ಎಂದೆಂದಿಗೂ ಇರುವ ಅಭಾವವಾದ ಅತ್ಯಂತಾಭಾವದಲ್ಲೇ ಸೇರಿಸಬೇಕೆ ಎಂದು ನೈಯಾಯಿಕರಲ್ಲೇ ಒಮ್ಮತವಿಲ್ಲ.

ಪ್ರಾಭಾಕರ ಮೀಮಾಂಸಕರು ಈ ಇಡೀ ವ್ಯವಹಾರವನ್ನೇ ಒಪ್ಪುವುದಿಲ್ಲ. ನೆಲದ ಮೇಲೆ ಗಡಿಗೆ ಇಲ್ಲ ಎಂದರೆ ಅಲ್ಲಿರುವುದು ಬರೀ ನೆಲ. ಗಡಿಗೆಯ ಅಭಾವ ಎಂಬ ಎರಡನೆಯದೊಂದು ಅಲ್ಲಿ ಕೂತಿಲ್ಲ. ಅವರ ದಾರಿಯಲ್ಲಿ ನಡೆದರೆ ಕಿವಿ ಎಂದರೆ ಹೀಗೆ ಬಾಗಿದ, ಇಂತಿಷ್ಟು ಅಳತೆಯ ಉಕ್ಕಿನ ಗೋಡೆ, ಅಷ್ಟೆ. ಕಮ್ಮಾರ ತೂತನ್ನು ಮಾಡುತ್ತಾನೆ ಎನ್ನುವುದು ಮಾತಿನ ವರಸೆ. ಅವನ ಕೈ ತಗಲುವುದು ಲೋಹಕ್ಕೆ ಮಾತ್ರ. ತತ್ತ್ವಜ್ಞರಾದ ಡೇವಿಡ್ ಲೂಯಿಸ್ ಮತ್ತು ಸ್ಟೆಫನಿ ಲೂಯಿಸ್ 1970ರಲ್ಲಿ ತೂತುಗಳ ಬಗ್ಗೆ ಬರೆದ ಸಂವಾದರೂಪದ ಲೇಖನದಲ್ಲಿ ಭೌತವಾದಿ ಪಾತ್ರವೊಂದು ಇದನ್ನೇ ಹೇಳುತ್ತದೆ: ತೂತು ಎಂದರೆ ಅದರ ಸುತ್ತಲಿನ ಅಸ್ತರಿ. ಪ್ರಭಾಕರನಿಗೂ ಈ ಪಾತ್ರಕ್ಕೂ ನಡುವೆ ಹದಿಮೂರು ಶತಮಾನಗಳ ಆಸುಪಾಸಿನ ಅಂತರ; ಒಬ್ಬರ ಮಾತು ಇನ್ನೊಬ್ಬರಿಗೆ ತಲುಪಿದ್ದಕ್ಕೆ ಆಧಾರ ಬೇಕಿಲ್ಲ, ಪ್ರಶ್ನೆಯೇ ಅಂಥ ಉತ್ತರವನ್ನು ಹೊರಡಿಸುತ್ತದೆ. ಚಕಮಕಿ ಕೋವಿಯಲ್ಲಂತೂ ಅಸ್ತರಿ ಕಲ್ಪನೆಯಲ್ಲ, ತಿರುಗಿಸಿ ಬಿಚ್ಚಿ ಅಂಗೈ ಮೇಲೆ ಇಟ್ಟುಕೊಳ್ಳಬಹುದಾದ ಚಿನ್ನದ ಗೂಟ.

ಈ ವಾದ ಅಚ್ಚುಕಟ್ಟಾಗಿದೆ, ಆದರೆ ಕಟ್ಟಿದ ಕಿವಿಯ ಮುಂದೆ ತಡವರಿಸುತ್ತದೆ. ಹಾರಿಸಿ ಹಾರಿಸಿ ತೂತಿನಲ್ಲಿ ಮಸಿ ತುಂಬಿಕೊಂಡಿದೆ ಎನ್ನೋಣ. ಗೋಡೆ ಹೇಗಿತ್ತೋ ಹಾಗೇ ಇದೆ, ಬಾಗು ಅದೇ, ಅಳತೆ ಅದೇ. ತೂತು ಎಂಬುದು ಗೋಡೆಯೇ ಆಗಿದ್ದರೆ ತೂತಿಗೆ ಏನೂ ಆಗಿಲ್ಲ. ಆದರೂ ಕೋವಿ ಹಾರುವುದಿಲ್ಲ. ‘ಬರೀ ಗೋಡೆ’ ಇದ್ದಾಗ ಹಾರುತ್ತದೆ, ‘ಮಸಿಯೊಡನೆ ಗೋಡೆ’ ಇದ್ದಾಗ ಹಾರುವುದಿಲ್ಲ ಎಂದು ಪ್ರಾಭಾಕರರು ತಿದ್ದಿಕೊಳ್ಳಬಹುದು. ಆಗ ಆ ‘ಬರೀ’ ಎಂಬುದರ ಅರ್ಥ ಏನು ಎಂದು ನೈಯಾಯಿಕ ಕೇಳುತ್ತಾನೆ. ಮಸಿ ಇಲ್ಲದಿರುವುದು ಎಂಬುದನ್ನು ಬಿಟ್ಟು ಅದಕ್ಕೆ ಬೇರೆ ಅರ್ಥ ಹೇಳುವುದು ಕಷ್ಟ. ಹಿಂಬಾಗಿಲಿನಿಂದ ಅಭಾವ ಒಳಗೆ ಬಂದೇಬಿಟ್ಟಿತು.

ಬೌದ್ಧರ ಆಕ್ಷೇಪ ಇನ್ನೂ ಹರಿತವಾದದ್ದು. ಧರ್ಮಕೀರ್ತಿಯ ಪ್ರಕಾರ ಏನನ್ನಾದರೂ ಮಾಡಬಲ್ಲದ್ದೇ ಸತ್ತು. ಅರ್ಥಕ್ರಿಯಾಸಾಮರ್ಥ್ಯವೇ ಇರವಿನ ಗುರುತು. ಅಭಾವ ಏನನ್ನೂ ಮಾಡುವುದಿಲ್ಲ. ತೂತು ಬೆಂಕಿಯನ್ನು ತಳ್ಳುವುದಿಲ್ಲ, ಎಳೆಯುವುದಿಲ್ಲ, ಕಾಯಿಸುವುದಿಲ್ಲ. ಕೆಲಸ ಮಾಡುವುದು ಬಿಸಿ ಅನಿಲ ಮತ್ತು ಕಾದ ಕಣ. ಈ ಮಾತಿನಲ್ಲಿ ಹುರುಳಿದೆ ಎಂದು ಒಪ್ಪಲೇಬೇಕು. ‘ಮಾಡುವುದು’ ಎಂದರೆ ತಗುಲಿ ತಳ್ಳುವುದೇ ಎಂದಾದರೆ ಕಿವಿ ಏನನ್ನೂ ಮಾಡುವುದಿಲ್ಲ. ಆದರೆ ಕಾರಣ ಎಂಬುದಕ್ಕೆ ನ್ಯಾಯಶಾಸ್ತ್ರ ಕೊಡುವ ಲಕ್ಷಣದಲ್ಲಿ ತಳ್ಳುವ ಮಾತಿಲ್ಲ. ಕಾರ್ಯಕ್ಕಿಂತ ಮೊದಲು ತಪ್ಪದೆ ಇರುವುದು ಮತ್ತು ಅನ್ಯಥಾಸಿದ್ಧವಲ್ಲದ್ದು, ಅಂದರೆ ಕಾರ್ಯಕ್ಕೆ ಬೇಕಿಲ್ಲದೆಯೂ ಜೊತೆಗೆ ಬಂದದ್ದಲ್ಲ, ಅಷ್ಟೇ ಷರತ್ತು. ಅದು ಭಾವವಾಗಿರಬೇಕೆಂಬ ಕಟ್ಟಳೆ ಅಲ್ಲಿಲ್ಲ. ಭಾವಪದಾರ್ಥ ಹೇಗೆ ಕಾರಣವೋ ಹಾಗೇ ಅಭಾವವೂ ಎಂದು ನೈಯಾಯಿಕ ಉದಯನ ‘ನ್ಯಾಯಕುಸುಮಾಂಜಲಿ’ಯಲ್ಲಿ ಪಟ್ಟುಹಿಡಿದು ಸಾಧಿಸುತ್ತಾನೆ.

ಉದಯನ ಈ ಮಾತು ಹೇಳಬೇಕಾಗಿ ಬಂದದ್ದು ಬೆಂಕಿಯ ವಿಷಯದಲ್ಲೇ. ಮೀಮಾಂಸಕರ ಪ್ರಸಿದ್ಧ ಉದಾಹರಣೆಯೊಂದಿದೆ: ಒಂದು ಬಗೆಯ ಮಣಿಯನ್ನು ಹತ್ತಿರ ಇಟ್ಟರೆ ಬೆಂಕಿ ಹುಲ್ಲನ್ನು ಸುಡುವುದಿಲ್ಲ, ತೆಗೆದರೆ ಸುಡುತ್ತದೆ. ಕಣ್ಣಿಗೆ ಕಾಣುವ ಬೆಂಕಿ ಎರಡೂ ಸಲ ಒಂದೇ. ಹಾಗಿದ್ದಮೇಲೆ ಬೆಂಕಿಯಲ್ಲಿ ಸುಡುವ ಶಕ್ತಿ ಎಂಬ ಕಾಣದ ಪದಾರ್ಥವೊಂದಿರಬೇಕು, ಮಣಿ ಅದನ್ನು ಕುಂದಿಸುತ್ತಿರಬೇಕು ಎಂದು ಅವರ ವಾದ. ನೈಯಾಯಿಕರು ಶಕ್ತಿಯನ್ನು ಪ್ರತ್ಯೇಕ ಪದಾರ್ಥವೆಂದು ಒಪ್ಪದವರು. ಅವರ ಉತ್ತರ: ಸುಡುವುದಕ್ಕೆ ಬೆಂಕಿಯೊಂದೇ ಕಾರಣವಲ್ಲ, ಮಣಿಯ ಅಭಾವವೂ ಕಾರಣ. ಪ್ರತಿಬಂಧಕಾಭಾವ ಎಂದು ಇದಕ್ಕೆ ಹೆಸರು. ಅಂಥ ಮಣಿಯನ್ನು ಯಾರೂ ಕಂಡವರಿಲ್ಲ ಎಂದು ಇಂದಿನ ಓದುಗ ಉದಾಹರಣೆಯನ್ನು ತಳ್ಳಿಹಾಕಬಹುದು. ಕೋವಿಯಲ್ಲಿ ಆ ತೊಡಕಿಲ್ಲ. ಬಟ್ಟಲಿನ ಮದ್ದು ಭಗ್ಗೆಂದು ಉರಿದು, ಒಳಗಿನದು ಹೊತ್ತದೆ ಉಳಿಯುವುದು ಚಕಮಕಿ ಕೋವಿ ಹಿಡಿದವರೆಲ್ಲರ ಅನುಭವ. ಬೆಂಕಿ ಇತ್ತು, ಮದ್ದು ಇತ್ತು, ಕಾರ್ಯ ಮಾತ್ರ ಆಗಲಿಲ್ಲ. ನಡುವೆ ಚಿಟಿಕೆ ಮಸಿ ಇತ್ತು.

ನೈಯಾಯಿಕರ ಮೇಲೆ ಎರಡು ಪ್ರಬಲ ಆಕ್ಷೇಪಗಳಿವೆ. ಒಂದು, ಅನವಸ್ಥೆಯಂಥ, ಕೊನೆಯಿಲ್ಲದ ಹಿಗ್ಗುವಿಕೆ. ಮಸಿಯ ಅಭಾವ ಕಾರಣವಾದರೆ ಕಿವಿಯಲ್ಲಿ ಇರುವೆ ಇಲ್ಲದಿರುವುದು, ಮೇಣ ಇಲ್ಲದಿರುವುದು, ಮುತ್ತು ಇಲ್ಲದಿರುವುದು ಎಲ್ಲವೂ ಕಾರಣಗಳಾಗಬೇಕು. ಇದಕ್ಕೆ ಅಡ್ಡಿಯಾಗಬಲ್ಲದ್ದರ ಅಭಾವವನ್ನು ಮಾತ್ರ ಎಣಿಸಬೇಕು ಎಂದು ಉತ್ತರ ಬರುತ್ತದೆ. ಆಗ ಎರಡನೆಯ ಆಕ್ಷೇಪ ಏಳುತ್ತದೆ: ಅಡ್ಡಿ ಎಂದರೇನು? ಶಕ್ತಿಯನ್ನು ಕುಂದಿಸುವುದು ಎಂದರೆ ಶಕ್ತಿಯನ್ನು ಒಪ್ಪಿದಂತೆ; ಕಾರ್ಯವನ್ನು ತಡೆಯುವುದು ಎಂದರೆ ಹೇಳಿದ್ದನ್ನೇ ತಿರುಗಿಸಿ ಹೇಳಿದಂತೆ. ಉದಯನ ಇಲ್ಲಿ ತಲೆಕೆಳಗಾಗಿ ಹೊರಡುತ್ತಾನೆ. ಯಾವುದರ ಅಭಾವ ಕಾರಣಸಾಮಗ್ರಿಯಲ್ಲಿ ಸೇರಿದೆಯೋ ಅದೇ ಪ್ರತಿಬಂಧಕ; ಅಭಾವವೇ ಮೊದಲು, ಅಡ್ಡಿ ಎಂಬ ಹೆಸರು ಆಮೇಲೆ. ಸಾಮಗ್ರಿಯಲ್ಲಿ ಅದು ಸೇರಿದೆಯೆಂದು ತಿಳಿಯುವುದು ಅನ್ವಯ-ವ್ಯತಿರೇಕದಿಂದ, ಅಂದರೆ ಇಟ್ಟು ನೋಡಿ, ತೆಗೆದು ನೋಡಿ. ಇದು ಜಾಣ ಉತ್ತರ, ಸೋರಿಕೆಯಿಲ್ಲದ್ದೆಂದು ಹೇಳಲು ಮಾತ್ರ ಧೈರ್ಯ ಸಾಲದು. ಗಂಗೇಶನ ‘ತತ್ತ್ವಚಿಂತಾಮಣಿ’ಯಿಂದ ಮುಂದೆ ನವ್ಯನ್ಯಾಯ ಇದನ್ನು ಇನ್ನಷ್ಟು ಬಿಗಿಗೊಳಿಸಿತು. ಉತ್ತೇಜಕ ಎಂಬ ಮೂರನೆಯದನ್ನು ತಂದದ್ದು ಅಂಥ ಒಂದು ಬಿಗಿ: ತಡೆಯುವ ಮಣಿ ಇದ್ದರೂ ಉತ್ತೇಜಕ ಮಣಿ ಜೊತೆಗಿದ್ದರೆ ಬೆಂಕಿ ಸುಡುತ್ತದೆ. ಆದ್ದರಿಂದ ಕಾರಣವಾಗುವುದು ಬರೀ ತಡೆಯ ಅಭಾವವಲ್ಲ, ಉತ್ತೇಜಕವಿಲ್ಲದ ತಡೆಯ ಅಭಾವ. ಅರ್ಧ ಕಟ್ಟಿದ ಕಿವಿಯಿದ್ದರೂ ಬಟ್ಟಲಿಗೆ ಇನ್ನೂ ನುಣ್ಣನೆಯ, ಬಿರುಸಾಗಿ ಉರಿಯುವ ಮದ್ದು ಹಾಕಿದಾಗ ಕೋವಿ ಹಾರುವುದುಂಟು. ಆ ಮದ್ದು ಇಲ್ಲಿ ಉತ್ತೇಜಕದ ಪಾತ್ರ ವಹಿಸುತ್ತದೆ.

ಇಷ್ಟರಲ್ಲಿ ದೇವರ ಪ್ರಸ್ತಾಪವೂ ಬರುತ್ತದೆ. ನ್ಯಾಯಶಾಸ್ತ್ರದಲ್ಲಿ ಎಲ್ಲ ಕಾರ್ಯಗಳಿಗೂ ಸಾಮಾನ್ಯವಾದ ಸಾಧಾರಣ ಕಾರಣಗಳ ಪಟ್ಟಿಯೊಂದಿದೆ: ಈಶ್ವರ, ಅವನ ಜ್ಞಾನ, ಇಚ್ಛೆ, ಪ್ರಯತ್ನ, ಕಾಲ, ದಿಕ್ಕು, ಅದೃಷ್ಟ ಮತ್ತು ಪ್ರಾಗಭಾವ. ಕಾರ್ಯ ಹುಟ್ಟುವ ಮುಂಚೆ ಅದು ಇಲ್ಲದಿರುವುದೇ ಪ್ರಾಗಭಾವ. ಇಲ್ಲದ್ದು ಮಾತ್ರ ಹುಟ್ಟಬಲ್ಲುದು. ದೇವರನ್ನೂ ಅಭಾವವನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ಈ ಪಟ್ಟಿ ವಿಚಿತ್ರವಾಗಿ ಕಂಡರೂ ಅದರ ಅರ್ಥ ಸ್ಪಷ್ಟ: ದೇವರು ಇದ್ದಾನೆಂದ ಮಾತ್ರಕ್ಕೆ ಉಳಿದ ಕಾರಣಗಳಿಗೆ ಕೆಲಸ ತಪ್ಪುವುದಿಲ್ಲ, ಕಟ್ಟಿದ ಕಿವಿ ತನ್ನಷ್ಟಕ್ಕೆ ಬಿಚ್ಚಿಕೊಳ್ಳುವುದಿಲ್ಲ. ಇಸ್ಲಾಮೀ ಚಿಂತಕ ಅಲ್-ಘಜಾಲಿ 11ನೇ ಶತಮಾನದ ಕೊನೆಗೆ ಇದಕ್ಕೆ ನೇರ ವಿರುದ್ಧವಾದ ನಿಲುವು ತಳೆದ. ಬೆಂಕಿ ತಗುಲಿದಾಗ ಹತ್ತಿ ಸುಟ್ಟುಹೋಗುವುದನ್ನು ನಾವು ಕಾಣುತ್ತೇವೆ, ಬೆಂಕಿಯಿಂದ ಸುಟ್ಟಿತು ಎಂಬುದನ್ನು ಕಾಣುವುದಿಲ್ಲ. ಸುಡುವವನು ದೇವರೇ ಎಂದು ಅವನ ವಾದ. ಅದನ್ನು ಒಪ್ಪಿದರೆ ಅಭಾವ ಕಾರಣವೇ ಎಂಬ ಪ್ರಶ್ನೆ ಬಿದ್ದುಹೋಗುತ್ತದೆ, ಜೊತೆಗೆ ಭಾವ ಕಾರಣವೇ ಎಂಬುದೂ.

ಕನ್ನಡ ನಾಡಿನ ದ್ವೈತಿಗಳು ಈ ಜಗಳದಲ್ಲಿ ಎರಡೂ ಪಕ್ಷಗಳಿಂದ ಒಂದೊಂದನ್ನು ಎತ್ತಿಕೊಂಡರು. ಮಾಧ್ವ ಸಂಪ್ರದಾಯ ಎಣಿಸುವ ಹತ್ತು ಪದಾರ್ಥಗಳಲ್ಲಿ ಶಕ್ತಿಯೂ ಇದೆ, ಅಭಾವವೂ ಇದೆ. ವ್ಯಾಸತೀರ್ಥರು ನ್ಯಾಯಮತವನ್ನು ‘ತರ್ಕತಾಂಡವ’ದಲ್ಲಿ ಖಂಡಿಸಿದ್ದು ಕೃಷ್ಣದೇವರಾಯನ ಕಾಲದ ವಿಜಯನಗರದಲ್ಲಿ ಬಾಳಿದವರಾಗಿ. 1520ರಲ್ಲಿ ಅದೇ ರಾಯನ ಸೈನ್ಯ ರಾಯಚೂರಿನ ಕೋಟೆಗೆ ಮುತ್ತಿಗೆ ಹಾಕಿದಾಗ ಪೋರ್ಚುಗೀಸ್ ಬಂದೂಕುದಾರರು ಜೊತೆಗಿದ್ದರು. ಆ ಬಂದೂಕುಗಳದು ಚಕಮಕಿಯಲ್ಲ, ಉರಿಯುವ ಬತ್ತಿ. ಆದರೆ ಬಟ್ಟಲು ಮತ್ತು ಕಿವಿ ಅವುಗಳಲ್ಲೂ ಇದ್ದವು. ಬೆಂಕಿಯ ಶಕ್ತಿ ಮತ್ತು ಅದರ ತಡೆಯ ಬಗ್ಗೆ ಪಂಡಿತರು ವಾದಿಸುತ್ತಿದ್ದ ಕಾಲಕ್ಕೇ ಆ ವಾದದ ನಡೆದಾಡುವ ದೃಷ್ಟಾಂತ ಬೀದಿಗೆ ಬಂದಿತ್ತು. ಶಾಸ್ತ್ರದ ದೃಷ್ಟಾಂತ ಮಾತ್ರ ಮಣಿಯಾಗಿಯೇ ಮುಂದುವರಿಯಿತು.

ಯುರೋಪಿನಲ್ಲಿ ಈ ಎಳೆಯನ್ನು ಸ್ಪಷ್ಟವಾಗಿ ಹಿಡಿದವನು ಜಾನ್ ಸ್ಟುಅರ್ಟ್ ಮಿಲ್. 1843ರ ತನ್ನ ತರ್ಕಗ್ರಂಥದಲ್ಲಿ ಅವನು ಕಾರಣವೆಂದರೆ ಇರುವ ಮತ್ತು ಇರದ ಎಲ್ಲ ನಿಬಂಧನೆಗಳ ಒಟ್ಟು ಮೊತ್ತ ಎಂದ. ಇರದವುಗಳನ್ನೆಲ್ಲ ‘ತಡೆಯುವ ಕಾರಣಗಳ ಅಭಾವ’ ಎಂಬ ಒಂದೇ ತಲೆಬರಹದಡಿ ತರಬಹುದು ಎಂದ. ಕಾವಲುಗಾರ ಜಾಗದಲ್ಲಿ ಇಲ್ಲದ್ದರಿಂದ ಸೈನ್ಯ ಶತ್ರುವಿನ ಹಠಾತ್ ದಾಳಿಗೆ ಸಿಕ್ಕಿತು ಎಂಬುದು ಅವನ ಉದಾಹರಣೆ. ನಮ್ಮ ಕಾಲದಲ್ಲಿ ಅಮೆರಿಕದ ತತ್ತ್ವಜ್ಞ ಜೊನಾಥನ್ ಶಾಫರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೋವಿಯನ್ನೇ ಎತ್ತಿಕೊಂಡಿದ್ದಾನೆ. ಟ್ರಿಗರ್ ಎಳೆದ ಬೆರಳಿನ ಬಲ ಗುಂಡಿನವರೆಗೆ ಹರಿದು ಹೋಗುವುದಿಲ್ಲ. ಬೆರಳು ಮಾಡುವುದು ಕೊಕ್ಕೆಯನ್ನು ಸ್ಪ್ರಿಂಗಿನ ದಾರಿಯಿಂದ ಸರಿಸುವುದನ್ನು ಮಾತ್ರ. ಅಭಾವಕ್ಕೆ ಕಾರಣತ್ವವಿಲ್ಲ ಎಂದರೆ ಟ್ರಿಗರ್ ಎಳೆದದ್ದು ಗುಂಡು ಹಾರಿದ್ದಕ್ಕೆ ಕಾರಣವಲ್ಲ ಎನ್ನಬೇಕಾಗುತ್ತದೆ, ಇದನ್ನು ಯಾವ ನ್ಯಾಯಾಲಯವೂ ಕೇಳಿಸಿಕೊಳ್ಳುವುದಿಲ್ಲ. ತತ್ತ್ವಜ್ಞ ಫಿಲ್ ಡೌ ಅವರಂಥವರು ಇದನ್ನು ಅಪ್ಪಟ ಕಾರಣತ್ವ ಎನ್ನದೆ ಅದರ ಪಕ್ಕದ ಇನ್ನೊಂದು ಸಂಬಂಧ ಎನ್ನುತ್ತಾರೆ. ಹೆಸರು ಬದಲಾದರೂ ಕಮ್ಮಾರನ ಕೆಲಸ ಅಷ್ಟೇ ಉಳಿಯುತ್ತದೆ.

ಅಭಾವವನ್ನು ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ಮೀಮಾಂಸಕ ಕುಮಾರಿಲಭಟ್ಟರ ಪಂಥ ಅನುಪಲಬ್ಧಿ, ಅಂದರೆ ಕಾಣದಿರುವಿಕೆ, ಎಂಬ ಬೇರೆ ಪ್ರಮಾಣವನ್ನೇ ಹೇಳಿತು. ನೈಯಾಯಿಕರು ಪ್ರತ್ಯಕ್ಷವೇ ಸಾಕೆಂದರು. ಇಬ್ಬರಿಗೂ ಒಪ್ಪಿಗೆಯಾದ ಒಂದು ಷರತ್ತು ಇದೆ: ಕಾಣದಿರುವುದು ಅಭಾವಕ್ಕೆ ಸಾಕ್ಷಿಯಾಗಬೇಕಾದರೆ, ಆ ವಸ್ತು ಇದ್ದಿದ್ದರೆ ಕಾಣುತ್ತಿತ್ತು ಎಂದಿರಬೇಕು. ಕಿವಿಯ ಮುಂದೆ ಇದು ಅಕ್ಷರಶಃ ನಿಜ. ಹೊರಬಾಯಿ ಚೊಕ್ಕಟವಾಗಿ ಕಂಡರೂ ಒಳಬದಿಯ ಆಲಿಕೆಯಲ್ಲಿ ಮಸಿ ಗಟ್ಟಿ ಕೂತಿರಬಹುದು. ಅಲ್ಲಿ ಕಣ್ಣಿಗೆ ಯೋಗ್ಯತೆಯಿಲ್ಲ. ತಂತಿ ತೂರಿಸಿದಾಗ ಬೆರಳಿಗೆ ಮೊದಲು ಒರಟು ತಡೆ ಹತ್ತುತ್ತದೆ, ಕರಕರ ಎಂದು ಪುಡಿಯಾಗುತ್ತದೆ, ಆಮೇಲೆ ತಂತಿ ಮೆತ್ತಗೆ ಒಳಗಿನ ಮದ್ದಿನ ಕಾಳುಗಳಿಗೆ ಹೋಗಿ ತಾಕುತ್ತದೆ. ಸಿಪಾಯಿಗಳ ಸೊಂಟದಲ್ಲಿ ಸರಪಳಿಗೆ ಕಟ್ಟಿದ ತಂತಿ ಮತ್ತು ಕುಂಚ ಇರುತ್ತಿದ್ದದ್ದು ಇದಕ್ಕೇ. ತುಂಬುವಾಗ ಹಕ್ಕಿಗರಿಯ ಕಡ್ಡಿಯನ್ನು ಕಿವಿಯಲ್ಲಿ ಸಿಕ್ಕಿಸಿಟ್ಟು, ಹಾರಿಸುವ ಮುಂಚೆ ಎಳೆದು ತೆಗೆಯುವ ಪದ್ಧತಿಯೂ ಇದೆ: ಬೇಕಾದ ಅಭಾವಕ್ಕೆ ಜಾಗ ಕಾಯ್ದಿರಿಸುವ ಕಡ್ಡಿ ಅದು. ತೆಗೆಯಲು ಮರೆತರೆ ಕಡ್ಡಿಯೇ ಪ್ರತಿಬಂಧಕ.

ಅಭಾವವನ್ನು ಕಾರಣವೆಂದು ಎಣಿಸುವವರೂ ಎಣಿಸದವರೂ ಹಾರದ ಕೋವಿಯನ್ನು ಒಂದೇ ಕ್ರಮದಲ್ಲಿ ಪರೀಕ್ಷಿಸಬೇಕಾಗುತ್ತದೆ. ಕೋವಿ ಹಾರದಿರುವುದಕ್ಕೆ ತಡೆಯೂ ಕಾರಣವಿರಬಹುದು, ಶಕ್ತಿ ಕುಂದಿದ್ದೂ ಇರಬಹುದು. ನೈಯಾಯಿಕರು ಎರಡನೆಯದನ್ನೂ ತೇವ ಎಂಬ ತಡೆಗೇ ಇಳಿಸುತ್ತಾರೆ, ದ್ವೈತಿಗಳು ಎರಡನ್ನೂ ಉಳಿಸಿಕೊಳ್ಳುತ್ತಾರೆ. ಬಟ್ಟಲು ಹೊತ್ತಿ ಒಳಗಿನದು ಹೊತ್ತದಿದ್ದರೆ ಮೊದಲು ಮೂತಿಯನ್ನು ಗುರಿಯ ಕಡೆಗೇ ಹಿಡಿದು ಕಾಯಬೇಕು, ಏಕೆಂದರೆ ಒಳಗೆ ಕನಲುತ್ತಿರುವ ಮದ್ದು ತಡವಾಗಿ ಹಾರಬಹುದು. ಆಮೇಲೆ ಕಿವಿಗೆ ತಂತಿ ಆಡಿಸಿ ಹೊಸ ಮದ್ದನ್ನು ಬಟ್ಟಲಿಗೆ ಹಾಕಿ ಹಾರಿಸಬೇಕು. ಹಾರಿದರೆ ದೋಷ ಮಸಿಯದು. ಹಾರದಿದ್ದರೆ ಕಿವಿಯ ಮೂಲಕ ಕೆಲವು ಕಾಳು ಒಣ ಮದ್ದನ್ನು ಒಳಕ್ಕೆ ತಳ್ಳಿ ಮತ್ತೊಮ್ಮೆ ನೋಡುತ್ತಾರೆ. ಆಗ ಹಾರಿದರೆ ದಾರಿ ಸರಿಯಾಗಿಯೇ ಇತ್ತು, ಕಿವಿಯ ಬಳಿಯ ಮದ್ದು ತೇವವಾಗಿತ್ತು ಅಥವಾ ಅಲ್ಲಿಗೆ ತಲುಪಿರಲಿಲ್ಲ ಎಂದು ಗೊತ್ತಾಗುತ್ತದೆ. ಅದಕ್ಕೂ ಹಾರದಿದ್ದರೆ ಗುಂಡನ್ನು ನಳಿಗೆಯ ಬಾಯಿಂದಲೇ ಹೊರಗೆಳೆದು, ಒಳಗಿನ ಮದ್ದನ್ನೆಲ್ಲ ಸುರಿದು, ಕಿವಿ ಬಿರಡೆಯ ಮುಖಕ್ಕಿಂತ ಮುಂದೆ ತೆರೆದಿದೆಯೇ ಎಂದು ಮತ್ತೆ ಕೋಲು ಇಳಿಸಿ ಅಳೆಯಬೇಕು.